ದ್ರಾಕ್ಷಿಯ ಮೈಮೇಲಿನ ಬೂದಿ

ಹಸಿರು ದ್ರಾಕ್ಷಿಯನ್ನು ಬಳ್ಳಿಯಿಂದ ಕಿತ್ತೊಡನೆ ಬೆರಳಿಗೆ ನವಿರಾದ ಬಿಳಿ ಬೂದಿಯಂಥದೊಂದು ಹತ್ತುತ್ತದೆ. ನೀವೂ ಅದನ್ನು ಕಂಡಿರುತ್ತೀರಿ; ಕಂಡು, ಕೊಳೆಯೆಂದು ತಿಳಿದು ಸೆರಗಿಗೋ ಪಂಚೆಗೋ ಒರೆಸಿಕೊಂಡಿರುತ್ತೀರಿ. ನಮ್ಮ ಯಜಮಾನರು ಅಷ್ಟಕ್ಕೆ ಬಿಡುವವರಲ್ಲ. ಬಳ್ಳಾರಿಯ ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಕಲಿಸುತ್ತಿದ್ದ ಅವರಿಗೆ ಲೋಕದಲ್ಲಿ ಎರಡರ ಮೇಲೆ ಮಾತ್ರ ಪೂರ್ಣ ವಿಶ್ವಾಸ: ಒಂದು ಶುದ್ಧತೆ, ಇನ್ನೊಂದು ತಾವು.

ಎಪ್ಪತ್ತರ ದಶಕ. ಪಾನನಿಷೇಧ ಎದ್ದುಹೋಗಿ, ಅಂಗಡಿಗಳಲ್ಲಿ ಬಾಟಲಿಗಳು ಧೈರ್ಯವಾಗಿ ನಿಲ್ಲತೊಡಗಿದ್ದ ಕಾಲ. ಅಂಗಡಿಯ ವೈನು ಕೆಡದಿರಲೆಂದು ಏನೋ ಪುಡಿ ಬೆರೆಸುತ್ತಾರೆಂದು ಓದಿದ ದಿನವೇ, ಯಾವ ಪುಡಿಯೂ ಇಲ್ಲದ ಬಿಳಿ ವೈನನ್ನು ಬಳ್ಳಾರಿ ಗಾಂಧಿನಗರದ ನಮ್ಮ ಅಡುಗೆಮನೆಯಲ್ಲಿ ತಯಾರಿಸಿ ಮನುಕುಲವನ್ನು ಉದ್ಧರಿಸಲು ಇವರು ಸಂಕಲ್ಪ ಮಾಡಿದರು. ಉಪ್ಪಿನಕಾಯಿಗೆಂದು ನಾನಿಟ್ಟುಕೊಂಡಿದ್ದ ಎರಡು ದೊಡ್ಡ ಭರಣಿಗಳು ಆ ಲೋಕಸೇವೆಗೆ ಹೋದವು. ಕುರುಗೋಡಿನ ತೋಟದಿಂದ ಬಂದ ದ್ರಾಕ್ಷಿಯನ್ನು ಬೂದಿಯ ಗುರುತೂ ಉಳಿಯದಂತೆ, ಕ್ರಿಮಿ ಕೊಲ್ಲುವ ಪರ್ಮಾಂಗನೇಟಿನ ನೀರಿನಲ್ಲಿ ಮೂರು ಸಲ ತೊಳೆದು, ಹಿಂಡಿ, ಸಿಪ್ಪೆ ಬಿಸುಟು ರಸವನ್ನಷ್ಟೇ ತುಂಬಿಟ್ಟರು. ರಸಕ್ಕೆ ಹುದುಗುವ ಮನಸ್ಸೇ ಬರಲಿಲ್ಲ. ಕೆಲವು ದಿನಗಳಲ್ಲಿ ಮೇಲೆ ಹಸಿರು ಬೂಷ್ಟು ಕಟ್ಟಿತು. ತಪ್ಪು ಮೊದಲು ಕುರುಗೋಡಿನ ಮಣ್ಣಿನದಾಯಿತು, ಆಮೇಲೆ ಬಳ್ಳಾರಿಯ ಬಿಸಿಲಿನದು, ಕೊನೆಗೆ ಭರಣಿ ಸರಿಯಾಗಿ ತೊಳೆಯದ ನನ್ನದು.

ಮರುವರ್ಷದ ಹೊತ್ತಿಗೆ ಇವರ ಅಕ್ಕ ಗಂಗಕ್ಕ ನಮ್ಮ ಮನೆಯಲ್ಲಿರಲು ಬಂದಿದ್ದರು. ಗಂಡ ತೀರಿಕೊಂಡ ಮೇಲೆ ಸಿರುಗುಪ್ಪದ ಮನೆಯಲ್ಲಿ ಅವರಿಗೆ ಹೊತ್ತು ಹೋಗುತ್ತಿರಲಿಲ್ಲ. ಹಣೆಯ ತುಂಬ ವಿಭೂತಿ, ನಲವತ್ತು ವರ್ಷ ಹಾಲಿಗೆ ಹೆಪ್ಪು ಹಾಕಿದ ಕೈ. ಪರ್ಮಾಂಗನೇಟಿನ ಬೋಗುಣಿ ಕಂಡವರೇ ತಮ್ಮನ ಕೈ ಹಿಡಿದರು.

"ಆ ಬೂದಿ ತೊಳೀಬ್ಯಾಡೋ ತಮ್ಮಾ. ಅದ ಹೆಪ್ಪು. ಹೆಪ್ಪು ತೊಳದು ಮೊಸರಾಗಲಿ ಅಂದ್ರ ಹೆಂಗ ಆಗತೈತಿ?"

ಬೂದಿಯ ಮಹಿಮೆ ಶಿವಭಕ್ತರಿಗೆ ತಿಳಿಯದಿದ್ದರೆ ಇನ್ನಾರಿಗೆ ತಿಳಿದೀತು! ಗಂಗಕ್ಕ ಕೊಳೆತ ಹಣ್ಣನ್ನಷ್ಟೇ ಆರಿಸಿ ತೆಗೆದರು. ರಸ ತುಂಬಿದ ಭರಣಿಯನ್ನು ಒದ್ದೆ ಮರಳಿನಲ್ಲಿ ಹೂತು, ಹಸಿ ಗೋಣಿ ಸುತ್ತಿ, ದಿನವೂ ಅದಕ್ಕೆ ಕಿವಿಯಿಟ್ಟು ಕೇಳಿದರು. ಗುಳುಗುಳು ಸದ್ದು ನಿಂತ ಮೇಲೆ ತಿಳಿಯನ್ನು ಇನ್ನೊಂದು ಭರಣಿಗೆ ಬಗ್ಗಿಸಿ, ಗಾಳಿಗೆ ಎಡೆಯಿಲ್ಲದಂತೆ ಕಂಠಮಟ್ಟ ತುಂಬಿ ಬಾಯಿ ಕಟ್ಟಿದರು. ಮೂಸಿ ನೋಡಿದರೇ ಹೊರತು ಒಂದು ಹನಿಯನ್ನೂ ನಾಲಿಗೆಗೆ ಸೋಕಿಸಲಿಲ್ಲ.

ಎಳೆಬಿಸಿಲಿನ ಬಣ್ಣದ ಆ ವೈನು ಕುಡಿಯಲು ಒಂದು ಭಾನುವಾರ ಸಂಜೆ ನಮ್ಮೂರಿನ ಕಂಟೋನ್ಮೆಂಟಿನಿಂದ ಪ್ರಿನ್ಸಿಪಾಲರೂ ಇನ್ನಿಬ್ಬರು ಸಹೋದ್ಯೋಗಿಗಳೂ ಬಂದರು. ಎರಡನೆಯ ಲೋಟಕ್ಕೆ ಪ್ರಿನ್ಸಿಪಾಲರು ಕಣ್ಣು ಮುಚ್ಚಿ, "ಏನ್ರೀ ಇದರ ಗುಟ್ಟು?" ಎಂದರು. ಗಂಗಕ್ಕ ಮಿರ್ಚಿ ಭಜಿಯ ತಟ್ಟೆ ಹಿಡಿದು ಒಳಬಾಗಿಲಲ್ಲಿ ನಿಂತಿದ್ದರು.

"ಎಲ್ಲಾ ಕೆಮಿಸ್ಟ್ರಿ ಸಾರ್," ಎಂದರು ನಮ್ಮ ಯಜಮಾನರು. "ಸ್ವಲ್ಪ ತಲಿ ಓಡಿಸಬೇಕು, ಅಷ್ಟ."

ಗಂಗಕ್ಕ ತಟ್ಟೆಯನ್ನು ನನ್ನ ಕೈಗಿತ್ತು ಒಳಗೆ ಹೋದರು. ಮರುದಿನ ಸಿರುಗುಪ್ಪದ ಬಸ್ಸು ಹತ್ತಿದರು. ಯಾಕೆಂದು ಇವರು ಕೇಳಲಿಲ್ಲ. ವಿಜ್ಞಾನಿಗಳು ಅಂಥ ಸಣ್ಣ ಸಂಗತಿಗಳನ್ನು ಗಮನಿಸುವುದಿಲ್ಲ.

ಮೂರನೆಯ ವರ್ಷ ಇವರು ಒಬ್ಬರೇ ತಲೆ ಓಡಿಸಿದರು. ಬೂದಿ ತೊಳೆಯಲಿಲ್ಲ, ಮರಳೂ ಹಾಕಿದರು. ಕಿವಿಯಿಟ್ಟು ಕೇಳಲು ಮಾತ್ರ ಪುರುಸೊತ್ತಾಗಲಿಲ್ಲ. ಅರೆತುಂಬಿದ ಭರಣಿಯಲ್ಲಿ ಗಾಳಿಯಾಡಿತು. ಮೊದಲ ಗುಟುಕಿಗೇ ಪ್ರಿನ್ಸಿಪಾಲರ ಮುಖ ಹುಣಸೆಕಾಯಿ ಕಚ್ಚಿದಂತಾಯಿತು.

"ಪ್ರಿಸರ್ವೇಟಿವ್ ಹಾಕಿಲ್ಲ ನೋಡ್ರಿ, ಅದಕ್ಕ," ಎಂದು ಇವರು ವಿವರಿಸಿದರು.

"ಹೌದೌದು, ಭಾಳ ಶುದ್ಧ ಐತಿ," ಎನ್ನುತ್ತ ಅವರು ಲೋಟವನ್ನು ಕಿಟಕಿಯಲ್ಲಿಟ್ಟರು. ಪರಮಶುದ್ಧವಾದ ಆ ಹುಳಿನೀರಿನಲ್ಲಿ ನಾನು ವರ್ಷವಿಡೀ ಉಳ್ಳಾಗಡ್ಡಿ ನೆನೆಸಿದೆ.

"ಅಕ್ಕ ಇಲ್ಲದ ಆಗೂದಿಲ್ಲ," ಎಂದು ಕೊನೆಗೊಂದು ದಿನ ಇವರೇ ಅಂದರು.

"ವೈನು ಆಗೂದಿಲ್ಲೋ, ನಿಮಗ ಆಗೂದಿಲ್ಲೋ?" ಎಂದೆ. ಇವರ ಕಣ್ಣು ಗಂಗಕ್ಕ ಮಲಗುತ್ತಿದ್ದ ಕೋಣೆಯ ಕಡೆ ಹೋಯಿತು. ಅಂದು ನನಗೂ ಚುಚ್ಚಿ ಮಾತಾಡುವ ಉತ್ಸಾಹ ಉಳಿಯಲಿಲ್ಲ.

ಮುಂದಿನ ದ್ರಾಕ್ಷಿಯ ಹಂಗಾಮಿಗೆ ಇಬ್ಬರೂ ಸಿರುಗುಪ್ಪಕ್ಕೆ ಹೋದೆವು. ಗಂಗಕ್ಕ ಅಂಗಳದಲ್ಲಿ ಅಕ್ಕಿ ಕೇರುತ್ತಿದ್ದರು. ನಮ್ಮನ್ನು ಕಂಡೂ ಮೊರ ನಿಲ್ಲಿಸಲಿಲ್ಲ.

"ಅಕ್ಕಾ, ನಾ ತಪ್ಪು ಮಾಡೀನಿ."

ಮದುವೆಯಾದಂದಿನಿಂದ ಆ ವಾಕ್ಯವನ್ನು ಇವರ ಬಾಯಲ್ಲಿ ಕೇಳಿದ್ದು ಅದೇ ಮೊದಲು. ಅಭ್ಯಾಸವಿಲ್ಲದಿದ್ದರೂ ವ್ಯಾಕರಣ ಸರಿಯಾಗಿಯೇ ಇತ್ತು.

"ನನ್ನ ಮುಂದ ಯಾಕ ಹೇಳತಿ? ಅವತ್ತು ಹೊರಗ ಕುಂತಿದ್ರಲ್ಲ, ಅವರ ಮುಂದ ಹೇಳು. ಬರತೀನಿ," ಎಂದು ಗಂಗಕ್ಕ ಮೊರ ಕೆಳಗಿಟ್ಟರು.

ಹೇಳಿದರು. ವೈನು ಸಿದ್ಧವಾದ ಮೇಲೆ ಇವರು ಅದೇ ಅತಿಥಿಗಳನ್ನು ಕರೆದು, ಪಡಸಾಲೆಯ ನಡುವೆ ನಿಂತು ಹೇಳಿದರು: "ಇದು ನಮ್ಮಕ್ಕ ಮಾಡಿದ್ದು. ಅವತ್ತು ನೀವು ಹೊಗಳಿದ್ದೂ ಅಕ್ಕ ಮಾಡಿದ್ದ. ನಾ ಸುಳ್ಳು ಹೇಳಿದ್ದೆ."

ಪ್ರಿನ್ಸಿಪಾಲರು ಎದ್ದು ಕುರ್ಚಿ ಎಳೆದುಕೊಟ್ಟರು. ಗಂಗಕ್ಕ ಗಂಡಸರ ನಡುವೆ ಕೂತು, ತಾವೇ ಲೋಟಕ್ಕೆ ಬಗ್ಗಿಸಿಕೊಂಡು, ಒಂದು ಗುಟುಕನ್ನು ಬಾಯಲ್ಲಿ ಆಡಿಸಿ ನುಂಗಿದರು.

"ಬರೇ ವಾಸನಿ ಮ್ಯಾಲ ಮಾಡೀನಿ. ರುಚಿ ನೋಡಿ ಮಾಡಿದ್ರ ಇನ್ನೂ ಚಲೋ ಆಗತಿತ್ತು," ಎಂದು, ಒಳಬಾಗಿಲಲ್ಲಿ ನಿಂತಿದ್ದ ನನ್ನ ಕಡೆ ತಿರುಗಿದರು. "ಅಲ್ಲಿ ಯಾಕ ನಿಂತೀಯವ್ವ? ಬಾ, ನೀನೂ ಕುಂದ್ರು."

ಆ ಗಾಜಿನ ಲೋಟಗಳನ್ನು ಅಷ್ಟು ವರ್ಷವೂ ತೊಳೆದಿಟ್ಟವಳು ನಾನೇ. ಅಂದು ಮೊದಲ ಸಲ ಅವುಗಳಲ್ಲೊಂದರಲ್ಲಿ ಕುಡಿದೆ.