ಮೆಟ್ಟಿಲ ಕೆಳಗಿನ ಹಸಿರು ದೀಪ

ಬೆಳಗಿನ ಐದು ಗಂಟೆ ಹತ್ತು ನಿಮಿಷ. ನಗರಸಭೆಯ ಕಬ್ಬಿಣದ ಗೇಟು ಇನ್ನೂ ಅರ್ಧವೇ ತೆರೆದಿದೆ. ಖಾಲಿ ಬಸ್ಸೊಂದು ಎದುರಿಗೆ ಬಂದು ನಿಂತು, ಒಬ್ಬರೇ ಒಬ್ಬರನ್ನು ಇಳಿಸಿ, ಎರಡು ಸಲ ಹಾರ್ನ್ ಹೊಡೆದು ಹೊರಟುಹೋಗುತ್ತದೆ. ಇಳಿದ ಹೆಂಗಸಿಗೆ ಐವತ್ತೆರಡು ವರ್ಷ. ಈ ಸೆಕೆಯಲ್ಲೂ ಮೈಮೇಲೆ ಉಣ್ಣೆಯ ಸ್ವೆಟರು, ಹೆಗಲಿಗೆ ಬಟ್ಟೆಯ ಚೀಲ, ಕಂಕುಳಲ್ಲಿ ಉದ್ದನೆಯ ನೋಟ್‌ಬುಕ್ಕು. ಒಳಗೆ ಬಂದವರು ಎಲ್ಲರಂತೆ ಮೆಟ್ಟಿಲು ಹತ್ತುವುದಿಲ್ಲ. ಮೆಟ್ಟಿಲ ಕೆಳಗೆ ಪೊರಕೆ, ಬಕೆಟ್ಟು ಇಡುವ ಗೂಡಿದೆಯಲ್ಲ, ಅದರ ಮುಂದೆ ಮಂಡಿಯೂರಿ ಬಾಗಿಲು ಸರಿಸಿ ತಲೆ ಒಳಗೆ ಹಾಕುತ್ತಾರೆ. ಅಲ್ಲಿ ಅಂಗೈ ಅಗಲದ ಒಂದು ಪೆಟ್ಟಿಗೆ. ಪೆಟ್ಟಿಗೆಯ ಮೂಲೆಯಲ್ಲಿ ಒಂದು ಹಸಿರು ದೀಪ.

"ಇದೀಯಾ? ಇರು," ಎಂದು ಅದಕ್ಕೆ ಹೇಳಿ, ಗೋಡೆ ಹಿಡಿದು ಎದ್ದು ನಿಲ್ಲುತ್ತಾರೆ. ಮಂಡಿ ಲಟಕ್ಕೆನ್ನುತ್ತದೆ. "ನಂದೂ ಸದ್ದು ಬಂತು, ಇನ್ನು ಆಫೀಸು ಶುರು."

ಇವರನ್ನು ನಗರಸಭೆಯಲ್ಲಿ ಎಲ್ಲರೂ ಕರೆಯುವುದು ಪಾಸ್‌ವರ್ಡ್ ಅಕ್ಕ ಎಂದು. ಮುಖ್ಯಾಧಿಕಾರಿಗಳೂ ಹಾಗೇ ಕರೆಯುತ್ತಾರೆ, ಒಂದು 'ನವರು' ಸೇರಿಸಿ. ಹಾಜರಿ ಪಟ್ಟಿಯಲ್ಲಿ ಇವರ ಹುದ್ದೆಯ ಮುಂದೆ 'ತಾಂತ್ರಿಕ ಸಹಾಯಕಿ, ಗುತ್ತಿಗೆ' ಎಂದಿದೆ. ಆ ಗುತ್ತಿಗೆ ಹನ್ನೊಂದು ತಿಂಗಳಿಗೊಮ್ಮೆ ಮುಗಿಯುತ್ತದೆ, ಮತ್ತೆ ಶುರುವಾಗುತ್ತದೆ. ಹೀಗೇ ಹದಿನೇಳು ವರ್ಷ ಕಳೆದಿದೆ.

ಮಹಡಿಯ ತುದಿಯಲ್ಲಿ ಕಿಟಕಿಯಿಲ್ಲದ ಒಂದು ಕೋಣೆ. ಅಲ್ಲಿ ಸೊಂಟದೆತ್ತರದ ಎರಡು ಯಂತ್ರಗಳು ಹಗಲೂ ಇರುಳೂ ಗುಂಯ್ ಎನ್ನುತ್ತಿರುತ್ತವೆ. ಕೋಣೆಯ ಉಷ್ಣಾಂಶ ಇಪ್ಪತ್ತು ಡಿಗ್ರಿಯಿಂದ ಮೇಲೇರಬಾರದು, ಸ್ವೆಟರು ಆ ಥಂಡಿಗೇ. ನಗರಸಭೆಯ ನೂರಾ ಹದಿನೆಂಟು ಮೇಜುಗಳ ಕಂಪ್ಯೂಟರುಗಳು ಈಗ ಈ ಎರಡು ಯಂತ್ರಗಳೊಳಗೇ ಇವೆ. ಇಂಜಿನಿಯರುಗಳು ಇದನ್ನು ವರ್ಚುವಲ್ ಡೆಸ್ಕ್‌ಟಾಪ್ ಎನ್ನುತ್ತಾರೆ. ಅಕ್ಕ ಹೇಳುವ ರೀತಿಯೇ ಬೇರೆ.

"ಮೇಜಿನ ಮೇಲೆ ಕಾಣ್ತಿದೆಯಲ್ಲ, ಅದು ಬರೀ ಕಿಟಕಿ. ಮನೆ ಇರೋದು ಇಲ್ಲಿ. ನೀವು ಯಾವ ಕಿಟಕಿ ಮುಂದೆ ಕೂತು ಹೆಸರು ಹೇಳಿದ್ರೂ ನಿಮ್ಮ ಮೇಜೇ ಕಾಣ್ಸುತ್ತೆ, ನೀವು ನೆನ್ನೆ ಬಿಟ್ಟು ಹೋದ ಕಡತ ಹಾಗೇ ತೆರ್ಕೊಂಡಿರುತ್ತೆ. ನಿಮ್ಮ ಮನೇಲಿ ಕೂತು ನೋಡಿದ್ರೂ ಅಷ್ಟೇ."

ಹೇಳುವುದಕ್ಕೆ ಇಷ್ಟು ಸಲೀಸು. ನಂಬಿಸುವುದಕ್ಕೆ ಒಂದು ವರ್ಷ ಹಿಡಿಯಿತಂತೆ. ಮನೆಯಿಂದ ಕೆಲಸ ಮಾಡಬಹುದು ಎಂಬ ಆದೇಶ ಬಂದ ಮೊದಲ ದಿನ ತೆರಿಗೆ ವಿಭಾಗದ ಹಿರಿಯ ಗುಮಾಸ್ತರೊಬ್ಬರು ಮೇಜಿನ ಮೇಲಿನ ಪರದೆಯನ್ನು ಟವೆಲಿನಲ್ಲಿ ಸುತ್ತಿ, ಮಗುವಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಮನೆಗೆ ಒಯ್ದಿದ್ದರು. ತಮ್ಮ ಕಡತಗಳೆಲ್ಲ ಅದರೊಳಗೇ ಇವೆ ಎಂದು ಅವರ ನಂಬಿಕೆ. ಆ ಬಸ್ಸಿನ ಚಾಲಕ ಅಕ್ಕನ ಗಂಡನೇ. "ನಿಮ್ಮ ಆಫೀಸಿನ ಟೀವಿ ನನ್ನ ಬಸ್ಸಲ್ಲಿ ಓಡಾಡ್ತಿದೆ, ಟಿಕೆಟ್ ಕೊಡ್ಲಾ?" ಎಂದು ಫೋನ್ ಮಾಡಿದ್ದನ್ನು ಅಕ್ಕ ಇವತ್ತಿಗೂ ನೆನೆದು ನಗುತ್ತಾರೆ.

ಅಕ್ಕ ಇಲ್ಲಿಗೆ ಬಂದದ್ದು ಟೈಪಿಸ್ಟಾಗಿ. ಟೈಪಿಸ್ಟ್ ಹುದ್ದೆ ಹೋಯಿತು, ಬೆರಳುಗಳು ಉಳಿದವು. ಕಂಪ್ಯೂಟರ್ ಜೋಡಿಸಲು ಬರುತ್ತಿದ್ದ ಹುಡುಗರು ಸರಸರ ಮಾತಾಡಿ ಹೋಗುತ್ತಿದ್ದರು. ಇವರು ಹಳೆಯ ಅರ್ಜಿ ನಮೂನೆಗಳ ಹಿಂಬದಿಯಲ್ಲಿ ಅದನ್ನೆಲ್ಲ ಗೀಚಿಕೊಂಡು, ಅರ್ಥವಾಗದ್ದಕ್ಕೆ ಸುತ್ತು ಹಾಕಿ, ಮುಂದಿನ ಸಲ ಅವರನ್ನು ಬಾಗಿಲಲ್ಲೇ ಅಡ್ಡಹಾಕುತ್ತಿದ್ದರು. ಕಾಲೇಜು ಮೆಟ್ಟಿಲು ಹತ್ತಿದವರಲ್ಲ. ಈಗ ಅದೇ ಹುಡುಗರು ಬೇರೆ ಊರಿನ ಕಚೇರಿಗಳಲ್ಲಿ ಸಿಕ್ಕಿಹಾಕಿಕೊಂಡಾಗ ಇವರಿಗೇ ಫೋನ್ ಮಾಡುತ್ತಾರೆ.

ದಿನಕ್ಕೆ ಮೂವತ್ತೈದರಿಂದ ನಲವತ್ತು ಕರೆಗಳು ಬರುತ್ತವೆ. ಅದರಲ್ಲಿ ಹದಿನಾಲ್ಕೋ ಹದಿನೈದೋ ಪಾಸ್‌ವರ್ಡ್ ಮರೆತವರದು. ಸೋಮವಾರ ಇಪ್ಪತ್ತು ದಾಟುತ್ತದೆ. ಪ್ರತಿಯೊಂದೂ ಆ ಉದ್ದನೆಯ ನೋಟ್‌ಬುಕ್ಕಿಗೆ ಹೋಗುತ್ತದೆ. ನಾಲ್ಕು ಅಂಕಣ: ಸಮಯ, ಯಾರು, ಏನು ದೂರು, ಏನು ಮಾಡಲಾಯಿತು. ಕಂಪ್ಯೂಟರಿನಲ್ಲೇ ಬರೆದಿಡಬಹುದಲ್ಲ ಎಂದರೆ, "ಕಂಪ್ಯೂಟರೇ ಕೆಟ್ಟಾಗ ಎಲ್ಲಿ ಬರೀಲಿ?" ಎನ್ನುತ್ತಾರೆ. ಇದು ಇಪ್ಪತ್ತನಾಲ್ಕನೆಯ ನೋಟ್‌ಬುಕ್ಕು.

ಅದರಲ್ಲೇ ಒಂದು ಪುಟ ಮಡಚಿಟ್ಟಿದ್ದಾರೆ. ನಾನು ಕೇಳಲು ಬಂದದ್ದು ಆ ಪುಟದ ಕಥೆಯನ್ನೇ.

ಜನನ–ಮರಣ ವಿಭಾಗದಲ್ಲಿ ಒಬ್ಬ ಗುಮಾಸ್ತೆ ಇದ್ದಾರೆ. ಎಂಟು ತಿಂಗಳ ಹಿಂದೆ, ಕಟ್ಟಡಗಳಿಗೆ ಬಣ್ಣ ಬಳಿಯುತ್ತಿದ್ದ ಅವರ ಗಂಡ ಏಣಿಯಿಂದ ಬಿದ್ದು ಹಾಸಿಗೆ ಹಿಡಿದರು. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಒಂಬತ್ತಕ್ಕೆ ವ್ಯಾಯಾಮ ಮಾಡಿಸುವವರು ಬರುತ್ತಾರೆ, ಜೊತೆಗೆ ಹಿಡಿದುಕೊಳ್ಳಲು ಒಬ್ಬರು ಬೇಕು. ಗುಮಾಸ್ತೆ ರಾಜೀನಾಮೆ ಬರೆದು ಚೀಲದಲ್ಲಿಟ್ಟುಕೊಂಡು ಬಂದಿದ್ದರು. ಅದನ್ನು ಕೊಡುವ ಮುಂಚೆ ಪಾಸ್‌ವರ್ಡ್ ಹಿಂತಿರುಗಿಸಬೇಕೇನೋ ಎಂದು ಅಕ್ಕನ ಹತ್ತಿರ ಕೇಳಲು ಹೋದರು. ಅಕ್ಕ ಪತ್ರವನ್ನು ಓದಿ, ಮತ್ತೆ ಮಡಚಿ, ಅವರ ಚೀಲಕ್ಕೇ ತುರುಕಿದರು.

"ನಮ್ಮಮ್ಮ ಮಲಗಿದ್ದಾಗ ಇದೆಲ್ಲ ಇರ್ಲಿಲ್ಲ," ಎನ್ನುತ್ತಾರೆ ಅಕ್ಕ. "ಅವಳು ಹೋದಾಗ ನಾನು ತೆರಿಗೆ ವಿಭಾಗದ ಮೇಜಿನ ಕೆಳಗೆ ವೈರು ಸಿಕ್ಕಿಸ್ತಿದ್ದೆ." ಅಷ್ಟೇ. ಮುಂದಿನ ಮಾತಿಗೆ ಹೋಗಿಬಿಡುತ್ತಾರೆ.

ಆಗ ಮನೆಯಿಂದ ಕೆಲಸದ ಏರ್ಪಾಟು ಪ್ರಯೋಗದಲ್ಲಿತ್ತು. ಉಳಿಸಬೇಕೋ ತೆಗೆಯಬೇಕೋ ಎಂದು ಮೂರು ತಿಂಗಳು ಬಿಟ್ಟು ಸಭೆ ತೀರ್ಮಾನಿಸಬೇಕಿತ್ತು. ಅದರಲ್ಲಿದ್ದ ನಲವತ್ತಾರು ಜನರ ಪೈಕಿ ಗುಮಾಸ್ತೆಯೊಬ್ಬರಿಗೇ ಬೇರೆ ವೇಳೆ ಸಿಕ್ಕಿತು. ಗಂಡ ನಿದ್ದೆಯಲ್ಲಿರುವಾಗ ಬೆಳಿಗ್ಗೆ ಐದೂವರೆಯಿಂದ ಎಂಟೂವರೆ, ಆಮೇಲೆ ಮಧ್ಯಾಹ್ನ. ಉಳಿದವರೆಲ್ಲ ಮನೆಯಲ್ಲೇ ಕೂತರೂ ಹತ್ತಕ್ಕೇ ಶುರು ಮಾಡುವವರು.

ಮೊದಲ ವಾರ ಎಲ್ಲ ಚೆನ್ನಾಗಿತ್ತು. ಎರಡನೆಯ ವಾರ ಬೆಳಿಗ್ಗೆ ಪರದೆ ತೆರೆಯಲೇ ಇಲ್ಲ. ಮೂರನೆಯ ವಾರ ತೆರೆಯಿತು, ನಾಲ್ಕನೆಯದರಲ್ಲಿ ಮತ್ತೆ ಇಲ್ಲ. ಗುಮಾಸ್ತೆ ಐದೂಮುಕ್ಕಾಲಿಗೆ ಫೋನ್ ಮಾಡುತ್ತಿದ್ದರು. ಅಕ್ಕ ಮನೆಯಲ್ಲಿ ಹಲ್ಲುಜ್ಜುತ್ತಾ ಕೇಳಿಸಿಕೊಂಡು, ಒಂಬತ್ತೂವರೆಗೆ ಕಚೇರಿಗೆ ಬಂದು ನೋಡಿದರೆ ಎಲ್ಲ ದೀಪವೂ ಹಸಿರು, ಎಲ್ಲವೂ ಸರಿ. ಅಕ್ಕನ ಮನೆಯಿಂದಲೇ ಪರೀಕ್ಷಿಸಬಹುದಿತ್ತಲ್ಲ ಎಂದರೆ ಅಲ್ಲಿ ವೈಫೈ ಕೆಟ್ಟು ಆರು ತಿಂಗಳಾಗಿತ್ತು. "ಊರಿನವರದೆಲ್ಲ ರಿಪೇರಿ ಮಾಡ್ತಾಳೆ, ನಮ್ಮನೇದು ಯಾವಾಗ ಅಂದ್ರೆ ದೂರು ಬರ್ಕೊಡಿ ಅಂತಾಳೆ," ಎಂದು ಗಂಡನ ಆಕ್ಷೇಪಣೆ.

ಅತ್ತ ಹಾಜರಿ ಪುಸ್ತಕದಲ್ಲಿ ಗುಮಾಸ್ತೆಯ ಹೆಸರಿನ ಮುಂದೆ ಕೆಂಪು ಶಾಯಿಯ ಗೈರುಹಾಜರಿ ಬೆಳೆಯುತ್ತಾ ಹೋಯಿತು. ಇಪ್ಪತ್ತಮೂರಕ್ಕೆ ಮುಟ್ಟಿತು. ವಿಭಾಗದ ಸೂಪರಿಂಟೆಂಡೆಂಟರು ಕೆಟ್ಟವರೇನಲ್ಲ, ಕಟ್ಟುನಿಟ್ಟಿನವರು. ಸಭೆಗೆ ಕಳಿಸಲು ಒಂದು ಟಿಪ್ಪಣಿ ಬರೆದರು: ಬೆಳಗಿನ ವೇಳೆಯ ಏರ್ಪಾಟು ದುರುಪಯೋಗವಾಗುತ್ತಿದೆ, ಸಿಬ್ಬಂದಿಯನ್ನು ಕಚೇರಿಗೇ ಕರೆಸತಕ್ಕದ್ದು. ಕ್ಯಾಂಟೀನಿನಲ್ಲಿ ಮಾತು ಇನ್ನೂ ನೇರವಾಗಿತ್ತು. ಯಾರೋ ಒಬ್ಬರು ಅಕ್ಕನ ಎದುರಿಗೇ, "ನಿಮ್ಮ ಕಿಟಕಿ ಸರಿಯಾಗೇ ಇದೆ ಅಕ್ಕ, ಆಯಮ್ಮ ಕಣ್ಣೇ ತೆಗೀತಿಲ್ಲ," ಎಂದರಂತೆ.

ಗುಮಾಸ್ತೆ ಆ ರಾಜೀನಾಮೆಯನ್ನು ಮತ್ತೆ ಹೊರತೆಗೆದರು. ಸಭೆಗೆ ಐದೇ ದಿನವಿತ್ತು.

"ಅವತ್ತು ನಂಗೆ ಅನ್ನಿಸ್ತು, ಒಂಬತ್ತೂವರೆಗೆ ಬಂದು ಎಲ್ಲ ಸರಿಯಾಗಿದೆ ಅಂತ ನಾನು ಹೇಳೋದೇ ಅವಳ ಮೇಲೆ ಸುಳ್ಳು ಹೊರಿಸ್ದಂಗೆ," ಎನ್ನುತ್ತಾರೆ ಅಕ್ಕ. ಊರಿನ ಮೊದಲ ಬಸ್ಸು ಆರೂವರೆಗೆ. ಆದರೆ ಆ ಬಸ್ಸು ಡಿಪೋದಿಂದ ಬಸ್‌ ನಿಲ್ದಾಣಕ್ಕೆ ಹೋಗುವಾಗ ಐದಕ್ಕೇ ಈ ರಸ್ತೆಯಲ್ಲಿ ಖಾಲಿ ಓಡುತ್ತದೆ. ಚಾಲಕ ಮನೆಯವನೇ. ಡಿಪೋದಲ್ಲಿ ಮಾತಾಡಿ ಒಪ್ಪಿಗೆ ಪಡೆದು, ಮರುದಿನ ಹೆಂಡತಿಯನ್ನು ಹತ್ತಿಸಿಕೊಂಡ. ಇಡೀ ಬಸ್ಸಿಗೆ ಒಬ್ಬಳೇ ಕೂತಿದ್ದರೂ ಮುಂದಿನ ಸೀಟು ಹಿರಿಯರಿಗೆ ಮೀಸಲು, ಏಳು ಎಂದನಂತೆ.

ಐದೂವರೆಗೆ ಅಕ್ಕ ಥಂಡಿ ಕೋಣೆಯಿಂದ ಗುಮಾಸ್ತೆಗೆ ಫೋನ್ ಮಾಡಿದರು. ಬರ್ತಿದೆಯಾ? ಇಲ್ಲ ಅಕ್ಕ. ಇಲ್ಲಿ ಎರಡೂ ಯಂತ್ರ ಗುಂಯ್ ಎನ್ನುತ್ತಿವೆ. ಅಕ್ಕ ಫೋನನ್ನು ಕಿವಿಗೆ ಸಿಕ್ಕಿಸಿಕೊಂಡೇ, ಹೊರಗಿನ ಸಂಪರ್ಕದ ವೈರನ್ನು ಕೈಯಲ್ಲಿ ಸವರುತ್ತಾ ಗೋಡೆಗುಂಟ ನಡೆದರು. ಕೋಣೆ, ಓಣಿಯಂಥ ಹಜಾರ, ಮಹಡಿಯ ಮೆಟ್ಟಿಲು, ಕೆಳಗಿನ ಗೂಡು. ಮನೆಯಲ್ಲಿರುವವರನ್ನು ಕಚೇರಿಯೊಳಕ್ಕೆ ಬಿಟ್ಟುಕೊಳ್ಳುವ ಪುಟ್ಟ ಪೆಟ್ಟಿಗೆ ಇರುವುದು ಅಲ್ಲೇ, ಹೊರಗಿನ ತಂತಿ ಕಟ್ಟಡಕ್ಕೆ ಬರುವ ಜಾಗದಲ್ಲಿ. ಪೆಟ್ಟಿಗೆ ಕತ್ತಲಾಗಿತ್ತು. ಸ್ವಿಚ್ಚು ಆರಿತ್ತು. ಸ್ವಿಚ್ಚಿನ ಮೇಲೆ ದುಂಡಗಿನ ಅಕ್ಷರದ ಚೀಟಿ: 'ಹೋಗುವಾಗ ತಪ್ಪದೆ ಆರಿಸಿ.'

ಹಿಂದೆ ಟಾರ್ಚು ಹಿಡಿದು ನಿಂತಿದ್ದವರು ರಾತ್ರಿ ಕಾವಲಿನ ಬೀಗದಣ್ಣ. ಕಟ್ಟಡದ ಬೀಗದ ಗೊಂಚಲು ಇವರ ಸೊಂಟಕ್ಕೆ ಬಂದು ಮೂವತ್ತೊಂದು ವರ್ಷ. "ಸಂಜೆ ಎಲ್ರೂ ಹೋದ್ಮೇಲೆ ಅದನ್ನ ದಿನಾ ನಾನೇ ಆರಿಸೋದು ಅಕ್ಕ. ಬೆಳಿಗ್ಗೆ ಎಂಟೂಮುಕ್ಕಾಲಿಗೆ ನಾನೇ ಹಾಕ್ತೀನಿ. ಒಂದಿನಾನೂ ಮರೆತಿಲ್ಲ," ಎಂದರು, ಹೆಮ್ಮೆಯಿಂದ. ಹಿಂದೊಬ್ಬ ಅಧಿಕಾರಿ, ಕಚೇರಿ ಬಿಡುವಾಗ ಎಲ್ಲ ಸ್ವಿಚ್ಚೂ ಆರಿಸಬೇಕೆಂದು ಆದೇಶ ಹೊರಡಿಸಿ, ವಿದ್ಯುತ್ ಉಳಿಸಿದ್ದಕ್ಕೆ ಬೀಗದಣ್ಣನಿಗೆ ಮೆಚ್ಚುಗೆ ಪತ್ರ ಕೊಟ್ಟಿದ್ದರು. ಆ ಪತ್ರ ಇವತ್ತಿಗೂ ಅವರ ಪೆಟ್ಟಿಗೆಯಲ್ಲಿದೆ. ವಾರ ಬಿಟ್ಟು ವಾರ ಅವರ ಪಾಳಿ. ಇನ್ನೊಂದು ವಾರದ ಕಾವಲುಗಾರ ಯಾವ ಸ್ವಿಚ್ಚನ್ನೂ ಮುಟ್ಟುವವನಲ್ಲ, ದೀಪ ಸಹ ಆರಿಸುವುದಿಲ್ಲ. ಹಾಗಾಗಿ ಸೋಮಾರಿಯ ವಾರದಲ್ಲಿ ಗುಮಾಸ್ತೆಯ ಕೆಲಸ ಸರಾಗ, ನಿಯತ್ತಿನವರ ವಾರದಲ್ಲಿ ಗೈರುಹಾಜರಿ.

"ಮೆಟ್ಟಿಲ ಮೇಲೆ ಕೂತು ನಕ್ಕೆ. ನಗ್ತಾ ನಗ್ತಾ ಪ್ಲಗ್ಗು ನೋಡ್ದೆ, ನಗು ನಿಂತೋಯ್ತು. ಯಾಕಂದ್ರೆ ಆ ಸ್ವಿಚ್ಚಿಗೆ ಸಿಕ್ಕಿಸಿದ್ದು ನಾನೇ." ಯಾವತ್ತೂ ಆರದ ಪ್ರತ್ಯೇಕ ಕರೆಂಟಿನ ತಂತಿಯನ್ನು ಪೆಟ್ಟಿಗೆಗೆ ಎಳೆಯಬೇಕಿತ್ತು. ಪೆಟ್ಟಿಗೆ ಜೋಡಿಸಿದ ದಿನ ಆ ತಂತಿ ಸಾಕಾಗಲಿಲ್ಲ. ಎರಡು ದಿನದ ಮಟ್ಟಿಗೆ ಎಂದು ಗೂಡಿನ ಮಾಮೂಲಿ ಪ್ಲಗ್ಗಿಗೆ ಸಿಕ್ಕಿಸಿ, ಮರೆತುಬಿಟ್ಟಿದ್ದರು.

ವರದಿ ಬರೆಯುವಾಗ ಬೀಗದಣ್ಣನ ಹೆಸರು ಬರೆಯಬಹುದಿತ್ತು. ಅವರ ನಿವೃತ್ತಿಗೆ ಎರಡು ವರ್ಷವಿದೆ. ಅಕ್ಕನ ಗುತ್ತಿಗೆ ಮುಗಿಯಲು ಒಂದು ತಿಂಗಳಿತ್ತು. ಅಕ್ಕ ಬರೆದದ್ದು ಮೂರು ಸಾಲು. ಪೆಟ್ಟಿಗೆಯನ್ನು ತಪ್ಪು ಜಾಗಕ್ಕೆ ಸಿಕ್ಕಿಸಿದ್ದು ನಾನು. ಆರಿಸಬಾರದೆಂದು ಯಾರಿಗೂ ಹೇಳದೆ ಇದ್ದದ್ದು ನಾನು. ಇಪ್ಪತ್ತಮೂರು ದಿನವೂ ಗುಮಾಸ್ತೆ ಬಾಗಿಲಲ್ಲಿ ನಿಂತಿದ್ದರು, ಬಾಗಿಲು ಮುಚ್ಚಿತ್ತು.

ಸೂಪರಿಂಟೆಂಡೆಂಟರು ಎರಡು ಸಲ ಓದಿದರಂತೆ. ಕೂರಲೂ ಹೇಳಲಿಲ್ಲ. ಕೊನೆಗೆ, "ಸಿಕ್ಕಿಸಿದ್ದು ನೀನು ಅಂತ ಬರ್ದಿದೀಯ. ಕೇಳ್ದೆ ಕೆಂಪು ಶಾಯಿ ಹಾಕಿದ್ದು ಯಾರು ಅಂತ ಬರ್ದೇ ಇಲ್ವಲ್ಲಮ್ಮ," ಎಂದರು. ಹಾಜರಿ ಪುಸ್ತಕ ತರಿಸಿ, ಇಪ್ಪತ್ತಮೂರನ್ನೂ ಒಂದೊಂದಾಗಿ ಹೊಡೆದು ಹಾಕಿ, ಪ್ರತಿಯೊಂದರ ಪಕ್ಕ ಸಹಿ ಮಾಡಿದರು. ಟಿಪ್ಪಣಿ ಸಭೆಗೆ ಹೋಗಲಿಲ್ಲ, ವರದಿ ಹೋಯಿತು. ಏರ್ಪಾಟು ಕಾಯಂ ಆಯಿತು. ಬೆಳಗಿನ ವೇಳೆ ಈಗ ಇನ್ನೂ ಆರು ಜನಕ್ಕೆ ಸಿಕ್ಕಿದೆ. ಅಕ್ಕನ ಗುತ್ತಿಗೆಯೂ ಮುಂದುವರಿಯಿತು, ಎಂದಿನಂತೆ ಹನ್ನೊಂದು ತಿಂಗಳಿಗೆ. ಗುಮಾಸ್ತೆಯ ರಾಜೀನಾಮೆಯ ಹಿಂಬದಿಯಲ್ಲಿ ಈಗ ಗಂಡನ ಔಷಧಿಯ ವೇಳಾಪಟ್ಟಿ ಇದೆಯಂತೆ.

ಪೆಟ್ಟಿಗೆಗೆ ಪ್ರತ್ಯೇಕ ತಂತಿ ಬಂದಿದೆ. ಅದಕ್ಕೆ ಸ್ವಿಚ್ಚೇ ಇಲ್ಲ. ಆದರೂ ಬೀಗದಣ್ಣ ಅದೇ ದುಂಡಗಿನ ಅಕ್ಷರದಲ್ಲಿ 'ಇದನ್ನು ಯಾರೂ ಆರಿಸಕೂಡದು' ಎಂದು ಹೊಸ ಚೀಟಿ ಅಂಟಿಸಿ, ದಿನಕ್ಕೆ ಎರಡು ಸಲ ಹಸಿರು ದೀಪ ನೋಡಿ ಬರುತ್ತಾರೆ. ಅಕ್ಕ ವಾರಕ್ಕೊಮ್ಮೆ, ಸೋಮವಾರ ಮಾತ್ರ ಹೀಗೆ ಖಾಲಿ ಬಸ್ಸಿನಲ್ಲಿ ಬರುತ್ತಾರೆ. ನಂಬಿಕೆ ಇಲ್ಲವೇ ಎಂದರೆ, "ನಂಬಿಕೆ ಇದೆ. ಕಣ್ಣಲ್ಲಿ ನೋಡಿದ್ರೆ ತಿಂಡಿ ರುಚಿಯಾಗುತ್ತೆ," ಎನ್ನುತ್ತಾರೆ.

ಇಷ್ಟೊಂದು ಜನರನ್ನು ಮನೆಯಿಂದ ಕೆಲಸ ಮಾಡಿಸುವವರು ಒಂದು ದಿನವೂ ಮನೆಯಿಂದ ಕೆಲಸ ಮಾಡಿಲ್ಲ. ಯಂತ್ರದ ಹತ್ತಿರ ಯಾರಾದರೂ ಇರಲೇಬೇಕು. ಆಸೆ ಇದೆಯೇ ಎಂದು ಕೇಳಿದೆ. ಇದೆಯಂತೆ, ಒಂದೇ ಒಂದು ದಿನ, ಸ್ವೆಟರಿಲ್ಲದೆ.

ಮಾತಾಡುತ್ತಿರುವಾಗಲೇ ಐದೂಮುಕ್ಕಾಲಾಗುತ್ತದೆ. ಮೇಜಿನ ಮೇಲಿನ ಫೋನು ಹೊಡೆದುಕೊಳ್ಳುತ್ತದೆ. ಅಕ್ಕನ ಮುಖ ಒಂದು ಕ್ಷಣ ಬಿಗಿಯುತ್ತದೆ. ಎತ್ತುತ್ತಾರೆ. ಆ ಕಡೆಯ ದನಿ ನನಗೂ ಕೇಳುತ್ತದೆ.

"ಅಕ್ಕ, ಬಂತು. ಕೆಲಸ ಶುರು ಮಾಡ್ದೆ. ಹೇಳೋಣ ಅನ್ನಿಸ್ತು, ಅಷ್ಟೇ."

"ಬಂದ್ರೆ ಯಾರಾದ್ರೂ ಫೋನ್ ಮಾಡ್ತಾರೇನೇ? ಇಡು, ಕೆಲಸ ನೋಡು," ಎಂದು ಗದರಿಸಿ ಇಡುತ್ತಾರೆ.

ನೋಟ್‌ಬುಕ್ಕು ತೆರೆದು ಸಮಯ ಬರೆಯುತ್ತಾರೆ. ಯಾರು ಎಂಬಲ್ಲಿ, ಜನನ–ಮರಣ. ಮೂರನೆಯ ಅಂಕಣದ ಮುಂದೆ ಪೆನ್ನು ನಿಲ್ಲುತ್ತದೆ. ಇಪ್ಪತ್ತನಾಲ್ಕು ನೋಟ್‌ಬುಕ್ಕಿನಲ್ಲಿ ಇಂಥದೊಂದು ಬಂದಿಲ್ಲ, ಅಲ್ಲಿ ಏನು ಬರೀಬೇಕೋ ಗೊತ್ತಾಗುತ್ತಿಲ್ಲ ಎಂದು ನನ್ನ ಕಡೆ ನೋಡುತ್ತಾರೆ. ಆಮೇಲೆ ತಾವೇ ಬರೆಯುತ್ತಾರೆ.

ದೂರು: ಇಲ್ಲ. ಏನು ಮಾಡಲಾಯಿತು: ಕೇಳಿಸಿಕೊಂಡೆ.