ಟಿ.ವಿ.ಯ ಗಣಿತ ಮೇಷ್ಟ್ರು ಮತ್ತು ಅಪ್ಪನ ಹಿಂದಿ

ಹೋದ ವಾರ ನಮ್ಮ ಫ್ಲ್ಯಾಟಿನಲ್ಲಿ ಟಿ.ವಿ.ಯ ಹಿಂದಿನಿಂದ ಬಿಸಿ ಧೂಳಿನ ವಾಸನೆ ಬಂತು. ನಾನು ಮೇನ್ ಸ್ವಿಚ್ ಆರಿಸಿದೆ, ಗ್ಯಾಸ್ ಮುಚ್ಚಿದೆ, ಮಕ್ಕಳನ್ನು ಬಾಲ್ಕನಿಗೆ ಅಟ್ಟಿದೆ, ಸೊಸೈಟಿಯ ಎಲೆಕ್ಟ್ರಿಷಿಯನ್ನನ್ನು ಕರೆಸಿದೆ. ಅವನು ಮೂಸಿ ನೋಡಿ, "ಕಶು ನಥೀ, ಬೆನ್" ಎಂದು ನಕ್ಕು ಹೋದ. ಏನೂ ಇಲ್ಲವಂತೆ, ಅಕ್ಕ. ಏನೂ ಇಲ್ಲದಲ್ಲಿ ಏನೋ ಇದೆಯೆಂದು ಹೆದರುವುದೊಂದೇ ನಾನು ಈ ಪ್ರಾಯದವರೆಗೆ ಕೈಬಿಡದೆ ಮಾಡಿಕೊಂಡು ಬಂದ ಅಭ್ಯಾಸ. ಆದರೆ ಆ ವಾಸನೆ ಮಾತ್ರ ಮೂಗು ಬಿಟ್ಟು ಹೋಗಲಿಲ್ಲ. ಈಗಿನ ತೆಳ್ಳಗಿನ ಟಿ.ವಿ.ಗಳಿಗೆ ಎಲ್ಲಿಯ ವಾಸನೆ? ಅದು ನಾನು ಬೆಳೆದ, ವಡೋದರದ ಹತ್ತಿರದ ಕೊಯಾಲಿಯ ಕ್ವಾರ್ಟರ್ಸಿನಲ್ಲಿದ್ದ ಮರದ ಪೆಟ್ಟಿಗೆಯ ಟಿ.ವಿ.ಯದು. ಮೇಲೆ ಅಮ್ಮ ಹೆಣೆದ ಕ್ರೋಶಾ ಹೊದಿಕೆ, ಅದರ ಮೇಲೊಂದು ಹಿತ್ತಾಳೆ ನವಿಲು. ಕಾದರೆ ಸೆಟ್ಟು ಸಿಡಿಯುತ್ತದೆಂದು ನಾನು ಯಾವಾಗಲೂ ಬಾಗಿಲ ಹತ್ತಿರವೇ ಕೂರುತ್ತಿದ್ದೆ.

ನಿಮಗೂ ಅಂಥದೊಂದು ಮನೆ ಇದ್ದಿರಬಹುದು, ಈಗ ಬೇರೆ ಯಾರದೋ ಬಟ್ಟೆ ಒಣಗುವ ಮನೆ. ನಮ್ಮದರ ಅಡುಗೆಮನೆ ಕಿಟಕಿಯಿಂದ ಅಪ್ಪ ಕೆಲಸ ಮಾಡುವ ರಿಫೈನರಿಯ ಬೆಂಕಿ ಕಾಣುತ್ತಿತ್ತು. ಒಳಗೆ ಕೊಬ್ಬರಿ ಎಣ್ಣೆಯ ಒಗ್ಗರಣೆ, ಹೊರಗೆ ಅಪ್ಪನ ಯೂನಿಫಾರ್ಮಿನ ಸೀಮೆಎಣ್ಣೆಯಂಥ ಘಾಟು. ಎರಡೂ ಸೇರಿದರೆ ನನಗೆ ಸಂಜೆಯಾಯಿತೆಂದು ತಿಳಿಯುತ್ತಿತ್ತು. ಅಮ್ಮ ವಡೋದರದ ಒಂದು ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದಳು, ಇನ್ನೂ ಖಾಯಂ ಆಗಿರಲಿಲ್ಲ. ಎಲ್ಲರಿಗೂ ಅವಳು ವಸಂತಿಬೆನ್. ಕುಂದಾಪುರದಲ್ಲಿದ್ದಾಗಲೇ ಹಿಂದಿ ಪರೀಕ್ಷೆಗಳನ್ನೆಲ್ಲ ಕಟ್ಟಿ ಪಾಸು ಮಾಡಿಕೊಂಡು ಬಂದವಳು, ಬಾಯಿ ತೆರೆದರೆ ರೇಡಿಯೋ ವಾರ್ತೆ. ಅಪ್ಪ ಮಾತ್ರ ಹಿಂದಿಯನ್ನು ಪ್ಲಾಂಟಿನಲ್ಲಿ ಪೈಪು ಪೈಪುಗಳ ನಡುವೆ ಕಲಿತವನು. ಅವನ ಹಿಂದಿಯಲ್ಲಿ ಹೆಂಗಸರು ಬರುತ್ತಿದ್ದ, ಬಸ್ಸು ಬರುತ್ತಿದ್ದಳು, ಎಲ್ಲದರ ಬಾಲಕ್ಕೂ ಒಂದು 'ಜೀ'. ಅದರಲ್ಲೇ ಅವನು ಇಡೀ ಕಾಲೊನಿಯ ಜೊತೆ ಗಂಟೆಗಟ್ಟಲೆ ಹರಟುತ್ತಿದ್ದ.

ಟಿ.ವಿ.ಯಲ್ಲಿ ಭಾನುವಾರದ ಆ ಧಾರಾವಾಹಿ ಬಂದದ್ದು ನಾನು ಒಂಬತ್ತನೆಯಲ್ಲಿ, ಅಮ್ಮನದೇ ಕ್ಲಾಸಿನಲ್ಲಿ ಇದ್ದಾಗ. ಹೈಸ್ಕೂಲು ಮೇಷ್ಟ್ರುಗಳ ತಮಾಷೆ. ನಾಯಿಗೆ ಹೆದರುವ ಡ್ರಿಲ್ ಮೇಷ್ಟ್ರು, ಮೂಗಿನ ಮೇಲೆ ಕನ್ನಡಕವಿಟ್ಟುಕೊಂಡೇ ಅದನ್ನು ಹುಡುಕುವ ಪ್ರಿನ್ಸಿಪಾಲರು, ಮತ್ತೆ ಹಣೆತುಂಬ ವಿಭೂತಿಯ, 'ಮದ್ರಾಸಿ' ಗಣಿತ ಮೇಷ್ಟ್ರು. ಉತ್ತರ ಬಾರದ ಹುಡುಗನ ತಲೆ ಮುಟ್ಟಿ ಅವನು ಹೇಳುತ್ತಿದ್ದ: "ಐಯ್ಯೋ! ಬಲ್ಬ್ ಹೈ ಜೀ, ಕರೆಂಟ್ ನಹೀ ಜೀ!" ಮೊದಲ ಸಲ ಕೇಳಿದಾಗ ನಾವು ಮೂವರೂ ನಕ್ಕೆವು, ಅಪ್ಪ ಎಲ್ಲರಿಗಿಂತ ಜೋರಾಗಿ. ನಗುವಿನ ನಡುವೆಯೇ ನನಗೆ ಅಮ್ಮನ ಕ್ಲಾಸು ನೆನಪಾಯಿತು. ನಾಳೆ ಸೋಮವಾರ.

ನನ್ನ ಹೆದರಿಕೆಗಳಲ್ಲಿ ನಿಜವಾಗುವುದು ಬಹಳ ಕಡಿಮೆ, ಆದರೆ ಇದು ಅಕ್ಷರಶಃ ನಿಜವಾಯಿತು. ಅಮ್ಮ ಬೋರ್ಡಿಗೆ ತಿರುಗಿದ್ದೇ ತಡ, ಹಿಂದಿನ ಬೆಂಚಿನಿಂದ "ಐಯ್ಯೋ!" ಕ್ಲಾಸಿಗೆ ಕ್ಲಾಸೇ ಹೊಯ್ಲಿಟ್ಟಿತು. ಅಮ್ಮನಿಗೆ ಆ ರಾಗ ಇರಲೇ ಇಲ್ಲ, ಆ ಹುಡುಗರಿಗಿಂತ ಶುದ್ಧ ಹಿಂದಿ ಅವಳದು. ಆದರೂ ಗಣಿತ, ದಕ್ಷಿಣ, ಇಷ್ಟು ಸಾಕಾಯಿತು. ವಾರ ವಾರ ಇದೇ ಗತಿ. ನಮ್ಮ ಶಾಲೆಯ ಪ್ರಿನ್ಸಿಪಾಲರು ಅಮ್ಮನನ್ನು ಕರೆದು, "ವಸಂತಿಬೆನ್, ನಿಮ್ಮ ಕ್ಲಾಸಿನ ಗಲಾಟೆ ಆಫೀಸಿಗೆ ಕೇಳ್ತದೆ. ಖಾಯಂ ಮಾಡುವಾಗ ಕಮಿಟಿಯವರು ಕೇಳಿದರೆ ನಾನು ಏನು ಹೇಳಲಿ?" ಎಂದರಂತೆ. ಇದು ಹೋದರೆ ಇನ್ನೊಂದು ಶಾಲೆ ಹುಡುಕುವ ಪ್ರಾಯವಲ್ಲ ಅವಳದು, ಗಣಿತ ಬಿಟ್ಟು ಮನೆಯಲ್ಲಿ ಕೂತರೆ ಬದುಕುವವಳೂ ಅಲ್ಲ. ನಾನು ಉಗುರು ಕಚ್ಚಿ ಮುಗಿಸಿ ಪೆನ್ಸಿಲಿಗೆ ಬಂದಿದ್ದೆ.

ಒಂದು ಸಂಜೆ ಅಮ್ಮ ಒಲೆಯ ಮುಂದೆ ನಿಂತು ಅಪ್ಪನಿಗೆ, "ಅದನ್ನೊಮ್ಮೆ ಹೇಳಿ" ಎಂದಳು.

"ಎಂತದ್ದು?"

"ಆ ಬಲ್ಬಿನದ್ದು. ನಾನು ಹೇಳಿದ್ರೆ ವಾರ್ತೆ ಓದಿದ ಹಾಗೆ ಆಗ್ತದೆ."

ಅಪ್ಪ ಹೇಳಿದ. ಟಿ.ವಿ.ಯಲ್ಲಿ ಬಂದದ್ದಕ್ಕಿಂತ ಚೆನ್ನಾಗಿತ್ತು. ನಾವಿಬ್ಬರೂ ಬಿದ್ದು ಬಿದ್ದು ನಕ್ಕೆವು. ಅವನೂ ನಕ್ಕ, ಆಮೇಲೆ ನಗು ನಿಲ್ಲಿಸಿ, "ಅಂದ್ರೆ, ನನ್ನ ಹಿಂದಿ ಹಾಗೆ ಉಂಟಾ?" ಎಂದ.

ಸಾಸಿವೆ ಸಿಡಿಯುತ್ತಿತ್ತು. ಅಮ್ಮ ಅತ್ತ ತಿರುಗಿಕೊಂಡು, "ಇನ್ನೊಮ್ಮೆ ಹೇಳಿ" ಎಂದಳು. ಅಪ್ಪ ಇನ್ನೊಮ್ಮೆ ಹೇಳಿದ. ಅವನೆಂದರೆ ಹಾಗೆಯೇ.

ಮರುದಿನ ಜಿಗ್ನೇಶ ಎಂಬ ಹುಡುಗ ಲೆಕ್ಕ ಬಾರದೆ ನಿಂತಾಗ ಅಮ್ಮ ಅವನ ತಲೆ ಮುಟ್ಟಿ, ಅಪ್ಪನ ದನಿಯಲ್ಲಿ, ಆ ಮಾತು ಹೇಳಿಯೇಬಿಟ್ಟಳು. ಮೊದಲು ಎಲ್ಲರೂ ಕಣ್ಣು ಕಣ್ಣು ಬಿಟ್ಟರು, ಆಮೇಲೆ ಜಿಗ್ನೇಶನೇ ಬೆಂಚು ಬಡಿದು ನಕ್ಕ. ನಕ್ಕಾದ ಮೇಲೆ, ಆಶ್ಚರ್ಯ, ಕ್ಲಾಸು ಅವಳ ಮಾತು ಕೇಳಿತು. ಟಿ.ವಿ.ಯ ಮಾತನ್ನು ಅವಳೇ ಆಡಿದ ಮೇಲೆ ಹುಡುಗರಿಗೆ ಕದಿಯಲು ಏನೂ ಉಳಿಯಲಿಲ್ಲ. ಹೀಗೆ ಧಾರಾವಾಹಿಯ ಪ್ರತಿ ಹೊಸ ಮಾತಿಗೂ ಒಲೆಯ ಮುಂದೆ ಅಪ್ಪನ ಪಾಠ ನಡೆಯಿತು. ವರ್ಷದ ಕೊನೆಗೆ ಅಮ್ಮ ಖಾಯಂ ಆದಳು. ನಾವು ಶ್ರೀಖಂಡ ತಂದು ತಿಂದೆವು.

ಬೇಸಿಗೆ ರಜೆಯ ಒಳಗೆ ಧಾರಾವಾಹಿ ನಿಂತುಹೋಯಿತು. ಯಾರೂ ಕಾರಣ ಹೇಳಲಿಲ್ಲ. ಅದು ಬರುವ ಹೊತ್ತಿಗೆ ಒಂದು ಭಾನುವಾರ ಹಾಡುಗಳು ಬಂದವು, ಅಷ್ಟೆ. ಸದ್ಯ ಎಂದು ನಾನು ಕಾಲು ಚಾಚಿ ಮಲಗಿದೆ. ಚಿಂತಿಸಬೇಕಾದ್ದು ಬೇರೆಯೇ ಇತ್ತು. ಅಪ್ಪ ಹಿಂದಿ ಬಿಟ್ಟಿದ್ದ. ತರಕಾರಿ ಗಾಡಿ ಬಂದರೆ ನನ್ನನ್ನು ಕಳಿಸುತ್ತಿದ್ದ, ಪಕ್ಕದ ಮನೆಯ ಪಟೇಲ್ ಅಂಕಲ್ ಸ್ಕೂಟರ್ ನಿಲ್ಲಿಸಿ ಏನಾದರೂ ಕೇಳಿದರೆ ತಲೆಯಲ್ಲಾಡಿಸಿ ಒಳಗೆ ಬರುತ್ತಿದ್ದ. ನಾನು ಗಂಟಲಿನ ಯಾವುದೋ ದೊಡ್ಡ ಕಾಯಿಲೆಯೆಂದು ತೀರ್ಮಾನಿಸಿ, ಅವನಿಗೆ ದಿನವೂ ಉಪ್ಪುನೀರು ಕೊಡುತ್ತಿದ್ದೆ. ಪಾಪ, ಅದನ್ನೂ ಮುಕ್ಕಳಿಸುತ್ತಿದ್ದ.

ಜೂನಿನಲ್ಲಿ ನಾನು ಹತ್ತನೆಗೆ ಹೋದೆ. ಗೋಡೆಯಾಚೆ ಅಮ್ಮನ ಹೊಸ ಒಂಬತ್ತನೇ ಕ್ಲಾಸು. ಮೊದಲ ವಾರವೇ ಅವಳು ಯಾರದೋ ತಲೆ ಮುಟ್ಟಿ "ಬಲ್ಬ್ ಹೈ ಜೀ" ಎಂದದ್ದು ಕೇಳಿಸಿತು. ನಗುವಿಗಾಗಿ ನಾನು ಕಿವಿಗೊಟ್ಟು ಕೂತೆ. ಫ್ಯಾನಿನ ಸದ್ದು ಮಾತ್ರ ಬಂತು, ನಿಂತುಹೋದ ಧಾರಾವಾಹಿಯ ಮಾತು ಯಾರಿಗೂ ನೆನಪಿರಲಿಲ್ಲ. ಆಮೇಲೆ ಒಂದು ಹುಡುಗಿ ಬಹಳ ವಿನಯದಿಂದ, "ಟೀಚರ್, ಕರೆಂಟ್ ಇದೆಯಲ್ಲ, ಲೈಟ್ ಹಾಕಲಾ?" ಎಂದು ಕೇಳಿದಳು.

ಸಂಜೆ ಅಮ್ಮ ಇದನ್ನು ತಮಾಷೆಯಾಗಿಯೇ ಹೇಳಲು ಹೊರಟಳು, ನಡುವಿಗೆ ನಿಲ್ಲಿಸಿದಳು. ಅಷ್ಟರಲ್ಲಿ ಬಾಗಿಲಲ್ಲಿ ಪಟೇಲ್ ಅಂಕಲ್, ನೀರಿನ ಟ್ಯಾಂಕಿನ ವಿಷಯ ಮಾತಾಡಲು. ಅಪ್ಪ ಅಭ್ಯಾಸದಂತೆ ಅಮ್ಮನ ಮುಖ ನೋಡಿದ. ಅಮ್ಮ ಏಳಲಿಲ್ಲ.

"ನೀವೇ ಹೋಗಿ ಮಾತಾಡಿ."

"ನಂಗೆ ಸರಿ ಬರುದಿಲ್ಲಲ್ಲ ಮಾರಾಯ್ತಿ."

"ಸರಿ ಬರುದು ಬೇಡ. ಇನ್ನು ನಾನು ಆ ದನಿ ಮಾಡುದಿಲ್ಲ. ಹೋಗಿ."

ಅಪ್ಪ ಹೋದ. ಮೊದಲು ಒಂದು 'ಹಾಂ ಜೀ', ಒಂದು 'ನಹೀ ಜೀ'. ಆಮೇಲೆ ಮೆಲ್ಲಗೆ ನೀರು ಬಂದ, ಟ್ಯಾಂಕು ತುಂಬಿದಳು, ಪ್ಲಂಬರ್ ಓಡಿಹೋದಳು. ಪಟೇಲ್ ಅಂಕಲ್ ಗಟ್ಟಿಯಾಗಿ ನಕ್ಕರು, ಅಪ್ಪನೂ ನಕ್ಕು ಮುಂದುವರಿಸಿದ. ಅಮ್ಮ ತುರಿಮಣೆಯ ಮೇಲೆ ಅರ್ಧ ಕಾಯಿ ಹಿಡಿದುಕೊಂಡು, ತುರಿಯದೆ, ಅಲುಗದೆ ಕೇಳುತ್ತ ಕೂತಿದ್ದಳು. ನಗಲಿಲ್ಲ.

ಅಪ್ಪ ತೀರಿಹೋಗಿ ಬಹಳ ಕಾಲವಾಯಿತು, ಅಮ್ಮ ಮೊನ್ನೆ ಮೊನ್ನೆ. ಕ್ವಾರ್ಟರ್ಸಿನಲ್ಲಿ ಬೇರೆ ಯಾರೋ ಇದ್ದಾರೆ. ನನ್ನ ಮಕ್ಕಳ ಹಿಂದಿಯಲ್ಲಿ ಒಂದು ತಪ್ಪು ಹುಡುಕಿದರೂ ಸಿಗುವುದಿಲ್ಲ, ಕನ್ನಡ ಮಾತ್ರ ಕೇಳಬೇಡಿ. ಅಪ್ಪನ ಆ ಹಿಂದಿಯನ್ನು ಈ ಲೋಕದಲ್ಲಿ ಆಡುತ್ತಿದ್ದವನು ಅವನೊಬ್ಬನೇ. ಒಳಗೆ ಕೂತು ಕೇಳುತ್ತಿದ್ದವರು ಇಬ್ಬರಿದ್ದೆವು, ಈಗ ಒಬ್ಬಳು. ಆ ಒಬ್ಬಳಿಗೂ ಕೆಲವು ದಿನ ಅವನ ರಾಗ ಸರಿಯಾಗಿ ಕೇಳಿಸುವುದಿಲ್ಲ.