ಹುಳದ ಮನೆಗೆ ಬಂದ ಮುನಿರಾಜಣ್ಣ

ಮುನಿರಾಜಣ್ಣನ ಎಡಗೆನ್ನೆಯಲ್ಲಿ ಹೊಗೆಸೊಪ್ಪಿನ ಉಂಡೆ ಇಲ್ಲದ್ದನ್ನು ನಾನು ನೋಡಿದ್ದು ಒಂದೇ ಸಲ. ಕೋಲಾರದ ಅವನ ಕಂಪ್ಯೂಟರ್ ರಿಪೇರಿ ಅಂಗಡಿಗೆ ಹೋದರೆ ಮೊದಲು ಆ ಘಾಟು, ಆಮೇಲೆ ಮನುಷ್ಯ. ಬಾಯಿ ತೆರೆಯಬೇಕಾದರೆ ಬೀದಿಗೆ ಹೋಗಿ ಉಗಿದು ಬರಬೇಕು. ಹಾಗಾಗಿ ಗಿರಾಕಿಗಳಿಗೆ ಅರ್ಧ ಉತ್ತರ ಕೈಸನ್ನೆಯಲ್ಲೇ ಸಿಗುತ್ತಿತ್ತು. ಯಾವ ಮದರ್‌ಬೋರ್ಡ್ ಬಂದರೂ ಮೊದಲು ಬ್ರಷ್ಷು, ಬ್ಲೋವರ್ ಹಿಡಿದು ಧೂಳು ತೆಗೆಯುವನು. "ಸ್ನಾನ ಆಗ್ಲಿ ಸಾಮೀ, ಆಮೇಲೆ ಡಾಕ್ಟ್ರು" ಎನ್ನುವನು. ನಂತರ ಎಷ್ಟು ಕರೆಂಟು ಎಳೆಯುತ್ತದೆ, ಎಷ್ಟು ಬಿಸಿಯಾಗುತ್ತದೆ, ಬಿಸಿಯಾದಂತೆ ಫ್ಯಾನು ಜೋರಾಗುತ್ತದೆಯೇ, ಎಲ್ಲ ನೋಡಬೇಕು. ಅದು ಮುಗಿಯದೆ ದೇವರೇ ಬಂದು ಕೇಳಿದರೂ ಬೋರ್ಡು ಕೊಡುತ್ತಿರಲಿಲ್ಲ.

ನಮ್ಮದು ಹುತ್ತೂರಿನ ಕಡೆ ರೇಷ್ಮೆಯ ಚಾಕಿ ಕೇಂದ್ರ. ಮೊಟ್ಟೆ ಒಡೆಸಿ, ಮರಿಹುಳ ಎರಡು ಜ್ವರ ಏಳುವವರೆಗೆ ಸಾಕಿ ರೈತರಿಗೆ ಕೊಡುತ್ತೇವೆ. ಜ್ವರವೆಂದರೆ ಹುಳ ಮೇವು ಬಿಟ್ಟು ಪೊರೆ ಕಳಚುವ ಹೊತ್ತು. ಕೋಣೆಯ ಬಿಸಿ, ತೇವ ನೋಡಿಕೊಳ್ಳಲು ಹಳೆಯ ಕಂಪ್ಯೂಟರೊಂದನ್ನು ಮುನಿರಾಜಣ್ಣನೇ ಸಜ್ಜುಮಾಡಿ ಕೊಟ್ಟಿದ್ದ. ಮೊದಲ ಜ್ವರದ ದಿನ ಅದು ತಾನಾಗಿ ಆಫ್ ಆಯಿತು, ಹೀಟರ್ ಮಾತ್ರ ಉರಿಯುತ್ತಲೇ ಇತ್ತು. ನನ್ನ ಹೆಂಡತಿ ರತ್ನ ಬಾಗಿಲು ತೆರೆಯದಿದ್ದರೆ ಊರವರ ಹುಳವೆಲ್ಲ ಬೆಂದುಹೋಗುತ್ತಿತ್ತು. ಫ್ಯಾನಿನ ಸಮೇತ ಬೋರ್ಡು ಕಿತ್ತುಕೊಂಡು ಓಡಿದೆ. ಅವನ ಅಂಗಡಿಯಲ್ಲಿ ಆ ಹಾಳಾದ್ದು ಎಲ್ಲದರಲ್ಲೂ ಪಾಸು! ತಂದು ಜೋಡಿಸಿದೆ, ಮತ್ತೆ ಸತ್ತಿತು. ಮತ್ತೆ ಅಂಗಡಿಗೆ ಒಯ್ದೆ, ಮತ್ತೆ ಪಾಸು.

"ಇಲ್ಲಿ ಸಾಯಲ್ಲ, ಅಲ್ಲೇ ಸಾಯ್ತೈತೆ. ಅಲ್ಲೇ ಟೆಸ್ಟ್ ಮಾಡ್ಬೇಕು" ಎಂದ.

ಹೊಗೆಸೊಪ್ಪಿನ ಸೋಂಕು ತಗುಲಿದರೆ ರೇಷ್ಮೆಹುಳ ಉಳಿಯುವುದಿಲ್ಲ. ಇವನೋ ಅಡಿಯಿಂದ ಮುಡಿಯವರೆಗೆ ಹೊಗೆಸೊಪ್ಪು. ಬಾ ಎನ್ನಲೇ, ಬೇಡವೆನ್ನಲೇ? ನನ್ನ ಮುಖ ನೋಡಿ ಅವನೇ, "ಇವತ್ತಿಂದ ಮುಟ್ಟಲ್ಲ ಕಣೋ. ನಿನ್ ಹುಳದಾಣೆ" ಎಂದ. ಅಂಗಡಿಯ ಹಿಂದೆಯೇ ಮನೆ. ಅವನ ಹೆಂಡತಿ ಸುನಂದಮ್ಮ ಬಾಗಿಲಲ್ಲಿ ನಿಂತು, ಮಕ್ಕಳ ಮೇಲೆ ಆಣೆ ಹಾಕಿಸಿದ್ದಾಯಿತು, ದೇವರ ಮೇಲೆ ಹಾಕಿಸಿದ್ದಾಯಿತು, ಇನ್ನು ಹುಳದ ಮೇಲಿನದ್ದೂ ನೋಡೋಣ ಎಂದಳು.

ಎರಡನೇ ಜ್ವರದ ದಿನ ಬಂದ. ಕೆನ್ನೆ ಚಪ್ಪಟೆ, ಕಣ್ಣು ಕೆಂಪು. ರತ್ನ ಮುಲಾಜಿಲ್ಲದೆ ಹಿತ್ತಲಲ್ಲಿ ನಿಲ್ಲಿಸಿ ಸೋಪು ಕೊಟ್ಟಳು, ಉಗುರಿನ ಸಂದಿಯನ್ನೂ ಬಿಡದೆ ಉಜ್ಜಿಸಿದಳು. ನನ್ನ ಹೊಸ ಪಂಚೆ ಉಟ್ಟು, ಬಾಯಿಗೆ ಬಟ್ಟೆ ಕಟ್ಟಿ ಒಳಗೆ ಕೂತ. ಪ್ಲಗ್ಗಿಗೆ ಮೀಟರು, ಬೋರ್ಡಿಗೆ ಬಿಸಿ ಅಳೆಯುವ ತಂತಿ. ಜ್ವರದ ಹುಳಕ್ಕೆ ತೇವ ಆಗದೆಂದು ನಾವು ಎಂದಿನಂತೆ ಸುಣ್ಣದ ಪುಡಿ ಉದುರಿಸಿದೆವು. ಬೋರ್ಡಿನ ಬಿಸಿ ಏರತೊಡಗಿತು. ನಾನು ಹೀಟರ್ ಸ್ವಿಚ್ಚಿಗೆ ಕೈ ಹಾಕಿದೆ.

"ಉಂಡಪ್ಪಾ," ಇರಪ್ಪಾ ಎಂದು ತೆಲುಗಿನಲ್ಲೇ ತಡೆದ. "ಮುಟ್ಬೇಡ. ಅದು ಸಾಯೋದ್ ನಾನು ನೋಡ್ಬೇಕು."

ಎಳೆಯುವ ಕರೆಂಟು ಇದ್ದಷ್ಟೇ ಇತ್ತು. ಜೋರಾಗು ಎಂದು ಬೋರ್ಡು ಹೇಳುತ್ತಲೇ ಇತ್ತು, ಫ್ಯಾನು ಮಾತ್ರ ಮುಲುಗುತ್ತ ನಿಧಾನವಾಯಿತು. ಟಪ್ಪನೆ ಕಂಪ್ಯೂಟರ್ ಆರಿತು. ನಾನು ಹೀಟರ್ ಆರಿಸಿದೆ. ಅವನು ಫ್ಯಾನಿಗೆ ಟಾರ್ಚು ಹಿಡಿದ. ಗಾಳಿಯ ತೇವಕ್ಕೆ ಸುಣ್ಣ ಹಿಟ್ಟಿನಂತೆ ಮೆತ್ತಿಕೊಂಡಿತ್ತು.

"ಪ್ರತಿ ಸಲ ಇದನ್ನ ತೊಳ್ದು ಆಮೇಲೆ ಟೆಸ್ಟ್ ಮಾಡ್ತಿದ್ದೆ ನೋಡು," ಎಂದ. "ಕಾಯಿಲೆ ಒರೆಸ್ಬಿಟ್ಟು ಕಾಯಿಲೆ ಹುಡುಕ್ತಿದ್ದೆ, ದಡ್ಡ ನನ್ಮಗ."

ಬೋರ್ಡನ್ನು ಜಗಲಿಗೆ ಸಾಗಿಸಿ ತಂತಿಗಳನ್ನಷ್ಟೇ ಒಳಗೆ ಬಿಟ್ಟ. ಅದು ಸತ್ತರೆ ಹೀಟರೂ ಆರುವಂತೆ ಮಾಡಿದ. ಮರುದಿನ ಹುಳ ತಲೆಯೆತ್ತಿ ಸೊಪ್ಪಿಗೆ ಬಾಯಿಡುವವರೆಗೂ ಮನೆಗೆ ಹೊರಡಲಿಲ್ಲ. ಆಮೇಲೆ ಗೇಟು ದಾಟಿ ಬೈಕೇರಿ ಹೋದವನು ನೇರ ಬೀಡಾ ಅಂಗಡಿಯ ಮುಂದೆ ನಿಂತನಂತೆ. ಫೋನಿನಲ್ಲಿ ಚೆನ್ನಾಗಿ ಉಗಿದೆ. ಆ ಕಡೆಯಿಂದ ಊಂ ಊಂ ಎಂದಷ್ಟೇ ಕೇಳಿತು.

ಈ ವರ್ಷ ಅದೇ ಎಡಗೆನ್ನೆಯ ಹುಣ್ಣಿನಿಂದ ಮುನಿರಾಜಣ್ಣ ಹೋದ. ಮಲಗಿದ್ದಾಗ ಯಾರನ್ನೂ ಹತ್ತಿರ ಬರಗೊಡಲಿಲ್ಲ, ನನ್ನನ್ನೂ. ತಿಥಿಗೆ ಹೋದಾಗ ಅಂಗಡಿಯಲ್ಲಿ ಇನ್ನೂ ಆ ಘಾಟು ಇತ್ತು. ನನಗೆ ಅಳು ತಡೆಯಲಾಗಲಿಲ್ಲ. ಸುನಂದಮ್ಮ ಅಳಲಿಲ್ಲ.

"ನಿಮ್ ಹುಳಕ್ಕೋಸ್ಕರ ಬಿಟ್ಟಿದ್ರಲ್ಲ ಅವ್ರು," ಎಂದಳು. "ಅಲ್ಲೇ ಒಳಗೆ ಕೂರಿಸಿ ಬಾಗ್ಲು ಹಾಕ್ಕೊಂಡ್ಬಿಡ್ಬಾರ್ದಿತ್ತೇನಣ್ಣಾ?"